ಬೆಳಗಿನವರೆಗೆ ತಡೆದಿಡುವ ಆಡ್-ಆನ್

ಅಮ್ಮಾವ್ರ ಕೋಪಕ್ಕೆ ಆಯಸ್ಸು ಒಂದು ರಾತ್ರಿ ಮಾತ್ರ. ಸಕಲೇಶಪುರದ ಬಳಿಯ ಅವರ ಎಸ್ಟೇಟಿನ ಆಫೀಸಿಗೆ ನಾನು ಪತ್ರ, ಲೆಕ್ಕ ಬರೆಯುವ ರೈಟರ್ ಆಗಿ ಸೇರಿದಾಗ, ಕೆಲಸ ಬಿಟ್ಟು ಹೊರಟಿದ್ದ ಹಳೆಯ ರೈಟರ್ ನನಗೆ ಬೀಗದ ಕೈಗಿಂತ ಮೊದಲು ಕೊಟ್ಟದ್ದು ಈ ಸಂಗತಿಯನ್ನು.

"ಸಂಜೆ ಬರೆಸಿದ ಕಾಗ್ದನ ಬೆಳಿಗ್ಗೆ ಕೇಳ್ದೆ ಅಂಚೆಗೆ ಹಾಕ್ಬ್ಯಾಡ ಮಾರಾಯ. ಮೇಜಿನ ಖಾನೆಲಿಡು. ಬೆಳಿಗ್ಗೆ ಹೋಗಿ ಕೇಳು. ಹರಿ ಅಂದ್ರೆ ಹರಿ."

ಅಮ್ಮಾವ್ರಿಗೂ ಇದು ಗೊತ್ತಿತ್ತು. ಖಾನೆ ಇದೆ ಎಂಬ ಧೈರ್ಯದ ಮೇಲೆಯೇ ಅವರು ಬಾಯಿಗೆ ಬಂದದ್ದನ್ನು ಬರೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬರೇ ನಡೆಸಿದ ಹೆಂಗಸು. ಕೋಪವನ್ನು ಎಲ್ಲಾದರೂ ಇಳಿಸಬೇಕಿತ್ತು.

ನಾನು ಪಾಳ್ಯದ ಕಡೆಯವನು. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೇ ಮೊದಲು. ಅವ್ವ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿ ಓದಿಸಿದ ಬಿ.ಕಾಂ. ಅದನ್ನು ನಾನು ಯಾರ ಮುಂದೆಯೂ ಮೆಲ್ಲಗೆ ಹೇಳಿದವನಲ್ಲ. ಅಮ್ಮಾವ್ರು ನನ್ನನ್ನು ಕರೆಯುತ್ತಿದ್ದುದೂ ಹಾಗೆಯೇ: "ಏನೋ ಬಿಕಾಂ, ಬಾ ಇಲ್ಲಿ."

ಎರಡು ಸಾವಿರದ ಐದಾರರ ಹೊತ್ತಿಗೆ ಆಫೀಸಿಗೆ ಇಂಟರ್ನೆಟ್ ಬಂತು. ಯಾರೂ ಕಲಿಸಲಿಲ್ಲ, ನಾನೇ ತಡಕಾಡಿ ಕಲಿತೆ. ಬ್ರೌಸರಿಗೆ ಆಡ್-ಆನ್ ಎಂಬ ಸಣ್ಣ ಜೋಡಣೆಗಳನ್ನು ಸೇರಿಸಬಹುದೆಂದು ತಿಳಿದ ಮೇಲೆ ನನಗೆ ಹುಚ್ಚೇ ಹಿಡಿಯಿತು. ಕುಣಿಯುವ ಜಾಹೀರಾತು ಮುಚ್ಚಲು ಒಂದು, ಕನ್ನಡ ಅಕ್ಷರ ಮೂಡಿಸಲು ಒಂದು, ಹವಾಮಾನವನ್ನು ಪರದೆಯ ಮೂಲೆಯಲ್ಲಿ ತೋರಿಸಲು ಇನ್ನೊಂದು. ಮೇಲ್ ಕಳಿಸುವ ಪ್ರೋಗ್ರಾಮಿಗೂ ಹುಡುಕಿದೆ. ಅಲ್ಲಿ ಸಿಕ್ಕಿತು ನೋಡಿ, ನನಗಾಗಿಯೇ ಮಾಡಿದಂಥ ಆಡ್-ಆನ್: ಕಳಿಸು ಎಂದು ಒತ್ತಿದರೂ ಮೇಲನ್ನು ಒಂದು ಫೋಲ್ಡರಿನಲ್ಲಿ ತಡೆದಿಟ್ಟು, ನಾವು ಹೇಳಿದ ಗಂಟೆಗೆ ಕಳಿಸುವಂಥದ್ದು. ಮರುದಿನ ಹತ್ತು ಗಂಟೆ ಎಂದು ಕಟ್ಟಿಟ್ಟೆ. ಅಷ್ಟರೊಳಗೆ ಅಮ್ಮಾವ್ರನ್ನು ಕೇಳಿ, ಬೇಡವೆಂದರೆ ಅಳಿಸುವುದು. ಹಳೆಯ ಖಾನೆ ಕಂಪ್ಯೂಟರಿನೊಳಗೆ ಬಂದಿತ್ತು.

"ಪರ್ವಾಗಿಲ್ವಲ್ಲೋ, ನಿಮ್ಮವ್ವ ನಾಟಿ ಮಾಡಿದ್ದು ದಂಡ ಆಗ್ಲಿಲ್ಲ," ಅಂದಿದ್ದರು ಅಮ್ಮಾವ್ರು. ಆ ಮಾತಿಗೆ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಅಮ್ಮಾವ್ರ ತವರು ಯಸಳೂರಿನ ಕಡೆ. ಅಲ್ಲಿ ತೋಟ ನೋಡುತ್ತಿದ್ದವರು ಅವರ ಒಬ್ಬನೇ ತಮ್ಮ. ಅಲ್ಲಿ ಅಮ್ಮಾವ್ರ ಪಾಲಿಗೆ ಬಂದ ತೋಟಕ್ಕೆ ಹೋಗುವ ಜೀಪು ದಾರಿಯ ವಿಷಯದಲ್ಲಿ ಜಗಳವಾಗಿ ಮಾತು ನಿಂತಿತ್ತು. ಬೇಕಾದ್ದೆಲ್ಲ ಮೇಲ್‌ನಲ್ಲೇ. ಆದರೆ ಗೌರಿ ಹಬ್ಬಕ್ಕೆ ಮಾತ್ರ ತಮ್ಮ ಖುದ್ದಾಗಿ ಬಾಗಿನ ಹೊತ್ತುಕೊಂಡು ಬರುತ್ತಿದ್ದರು. ಮಾತಿಲ್ಲದೆ ಊಟ ಮಾಡಿ, ಮಾತಿಲ್ಲದೆ ಹೋಗುತ್ತಿದ್ದರು. ಅಕ್ಕ ತಮ್ಮನ ನಡುವೆ ಉಳಿದಿದ್ದುದು ಅಷ್ಟೇ.

ಆ ವರ್ಷ ಹಬ್ಬ ಹತ್ತಿರವಿದ್ದಾಗ, ತಮ್ಮ ಆ ದಾರಿಗೆ ಗೇಟು ಹಾಕಿಸಿ ಬೀಗ ಜಡಿದ ಸುದ್ದಿ ಸಂಜೆ ಬಂತು. ಅಮ್ಮಾವ್ರು ನಿಂತೇ ಬರೆಸಿದರು. "ಈ ಸಲ ಬಾಗಿನ ತರಬೇಡ. ನನಗೆ ತವರು ಇಲ್ಲ. ನಿನಗೆ ಅಕ್ಕ ಸತ್ತಳು ಅಂದುಕೋ." ನಾನು ಎಂದಿನಂತೆ ಟೈಪು ಮಾಡಿದೆ, ಎಂದಿನಂತೆ ಕಳಿಸು ಎಂದು ಒತ್ತಿದೆ.

ಬೆಳಿಗ್ಗೆ ಹೋಗಿ ಕೇಳಿದೆ. "ಅಮ್ಮಾವ್ರೆ, ನಿನ್ನೆ ಬರೆಸಿದ್ದು?"

"ಥೂ, ಅಳಿಸಾಕು ಅದ್ನ. ಇರೋನು ಒಬ್ಬ ತಮ್ಮ. ಬಾಗಿನ ತರ್ಲಿ, ಊಟಕ್ಕಿಕ್ಕಿ ಆಮೇಲ್ ಕೇಳ್ತೀನಿ ಬೀಗದ್ ಕಥೆನ."

ಆಫೀಸಿಗೆ ಬಂದು ಫೋಲ್ಡರ್ ತೆರೆದೆ. ಖಾಲಿ. ಕಳಿಸಿದ ಮೇಲ್‌ಗಳ ಸಾಲಿನಲ್ಲಿ ಅದು ಎಲ್ಲಕ್ಕಿಂತ ಮೇಲೆ ಕೂತಿತ್ತು. ಆಡ್-ಆನ್‌ಗಳ ಪಟ್ಟಿ ತೆರೆದು ನೋಡಿದೆ. ಹಿಂದಿನ ಬೆಳಿಗ್ಗೆ ಪ್ರೋಗ್ರಾಮು ಹೊಸ ಆವೃತ್ತಿ ಹಾಕಲೇ ಎಂದು ಕೇಳಿತ್ತು, ಹೂಂ ಅಂದಿದ್ದೆ. ಹೊಸದಕ್ಕೆ ನನ್ನ ಆಡ್-ಆನ್ ಹೊಂದುವುದಿಲ್ಲವೆಂದು ಅದು ಅದನ್ನು ತೆಗೆದು ಪಕ್ಕಕ್ಕಿಟ್ಟಿತ್ತು. ಒತ್ತುವ ಗುಂಡಿ ಅದೇ, ಜಾಗ ಅದೇ, ಬಣ್ಣವೂ ಅದೇ. ಹಿಂದೆ ತಡೆಯುವವರು ಮಾತ್ರ ಇರಲಿಲ್ಲ.

ಮತ್ತೆ ಅವರ ಬಳಿಗೆ ಓಡಿದೆ. "ಅಮ್ಮಾವ್ರೆ, ಅದು ಹೋಗ್ಬುಟ್ಟೈತೆ."

"ಎಲ್ಲಿಗೋ?"

"ಯಸಳೂರಿಗೆ."

"ವಾಪಸ್ ಕರ್ಸು."

"ಬರಾಕಿಲ್ಲ ಅಮ್ಮಾವ್ರೆ."

"ಅಂಚೇಲಿ ಹೋಗಿದ್ರೆ ಪೋಸ್ಟ್‌ಮ್ಯಾನ್ ಕೈಕಾಲಾದ್ರೂ ಹಿಡಿಬೋದಿತ್ತು. ಇದ್ರಲ್ಲಿ ಯಾರ್ ಕಾಲ್ ಹಿಡೀಲೋ?"

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಎದ್ದು ಹೋಗಿ, ಜಗಳವಾದ ಮೇಲೆ ಮುಟ್ಟದೆ ಬಿಟ್ಟಿದ್ದ ತಮ್ಮನ ಫೋನ್ ನಂಬರನ್ನು ತಾವೇ ಒತ್ತಿದರು. ತಮ್ಮನ ದನಿ ದೊಡ್ಡದು, ಬಾಗಿಲ ಬಳಿ ನಿಂತ ನನಗೂ ಕೇಳಿಸುತ್ತಿತ್ತು.

"ಬಂತೇನೋ?"

"ಬಂತು. ಓದ್ದೆ. ನಿನ್ ರೈಟರ್ ಕೆಲ್ಸ ಬಿಟ್ನೇನಕ್ಕ? ಅವನಿದ್ದಿದ್ರೆ ಇದು ಇಲ್ಲಿಗಂಟ ಬರ್ತಿರ್ಲಿಲ್ಲ."

ನಾನು ದಂಗಾದೆ. ನಮ್ಮ ಖಾನೆ ಯಸಳೂರಿಗೂ ಗೊತ್ತಿತ್ತು!

"ಅದೇ ಕಣೋ, ಮಿಷನ್ನು ಕೆಟ್ಟು..." ಅಮ್ಮಾವ್ರ ದನಿಯಲ್ಲಿ ಜೀವ ಬಂತು.

"ಮಿಷನ್ ಕೆಟ್ಟಿರ್ಬೋದು. ಹೇಳಿದ್ದು ನೀನೇ ಅಲ್ವೇನಕ್ಕ?"

ಅಮ್ಮಾವ್ರು ಕುರ್ಚಿಗೆ ಕೂತು, "ನಾನೇ ಕಣೋ," ಅಂದರು.

ಹಬ್ಬದ ದಿನ ಯಸಳೂರಿನ ಜೀಪು ಬಂತು. ಮೊರದ ಬಾಗಿನವನ್ನು ಇಳಿಸಿದವನು ಡ್ರೈವರ್. ಅಮ್ಮಾವ್ರು ಅವನ ಹಿಂದೆ, ಜೀಪಿನೊಳಕ್ಕೆ ಬಗ್ಗಿ ನೋಡಿದರು. ಬಾಗಿನ ಬಂದಿತ್ತು, ತಮ್ಮ ಬಂದಿರಲಿಲ್ಲ. ಇಬ್ಬರಿಗೆ ಎಲೆ ಹಾಕಿತ್ತು, ಡ್ರೈವರ್ ಒಬ್ಬನೇ ಕೂತು ಉಂಡ.

ಕೆಲವು ದಿನಗಳಲ್ಲಿ ಆ ಆಡ್-ಆನ್‌ನ ಹೊಸ ಆವೃತ್ತಿಯೂ ಸಿಕ್ಕಿತು. ಹಾಕಿ, ನನಗೇ ಒಂದು ಮೇಲ್ ಕಳಿಸಿ ನೋಡಿದೆ. ಸರಿಯಾಗಿ ತಡೆಯುತ್ತಿತ್ತು. ಅಮ್ಮಾವ್ರಿಗೆ ಹೇಳಿದೆ.

"ಇರ್ಲಿ ಬಿಡೋ," ಅಂದರು. ಅದಾದ ಮೇಲೆ ಸಂಜೆ ಹೊತ್ತು ಅವರು ನನ್ನನ್ನು ಬರೆಯಲು ಕರೆಯಲೇ ಇಲ್ಲ.