ಬೈಲಪ್ಪನಿಗೆ ಕೊಟ್ಟ ಕಾವು

ಹಿಂದೂಪುರದ ಮಂಡಿಗೆ ಹೊಸ ಹುಣಸೆ ಬಂತೆಂದರೆ, ಆ ಹುಳಿ ವಾಸನೆಗೆ ಬೆಂಗಳೂರಿನ ರೈಲು ನಮ್ಮ ಸ್ಟೇಷನ್ ಮುಟ್ಟುವ ಮೊದಲೇ ಹಲ್ಲು ಕಡಿಯುತ್ತಿತ್ತು. ನಾನೇ ಕಿವಿಯಾರೆ ಕೇಳಿದ್ದೇನೆ. ಇಂಥ ಮಾತನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಊಟ ಆಯ್ತು ಅಂದರೂ ನನ್ನ ಹೆಂಡತಿ ತಟ್ಟೆ ನೋಡಿ ಬರುತ್ತಾಳೆ. ನನ್ನ ಸುಳ್ಳಿಗೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದವನು ಒಬ್ಬನೇ, ಮಂಡಿಯ ಹಿಂದೆ ಕುಲುಮೆ ಇಟ್ಟಿದ್ದ ಬೈಲಪ್ಪ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದು ಅವನ ಕೆಲಸ. ಬೆರಣಿ ಒಟ್ಟಿ ಪಟ್ಟಿಯನ್ನು ಕೆಂಪಗೆ ಕಾಯಿಸಬೇಕು. ಅದು ಹಿಗ್ಗಿದಾಗ ಚಕ್ರಕ್ಕೆ ಹಾಕಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಹುಯ್ಯಬೇಕು. "ಬರೀ ಬೆಂಕಿ ಸಾಲಲ್ಲ, ಬರೀ ನೀರೂ ಸಾಲಲ್ಲ ಕಣ್ಲಾ ನಾರಪ್ಪ. ಎರಡೂ ಜೋಡಿ ಬರಬೇಕು," ಅನ್ನುತ್ತಿದ್ದ.

ತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ ಈರಕ್ಕ. ಅವಳನ್ನು ಕಲ್ಯಾಣದುರ್ಗದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಕಾಮಾಲೆಯವರಿಗೆ ಅರಿಶಿನದ ಕೊಂಬನ್ನು ಸುಟ್ಟು ಮಣಿಕಟ್ಟಿಗೆ ಬರೆ ಹಾಕುವುದರಲ್ಲಿ ಸುತ್ತಲ ಊರಿಗೆಲ್ಲ ಅವಳದೇ ಕೈ. "ಈರಕ್ಕ ಬಂದ್ಲು ಅಂದ್ರೆ ಹಣ್ಣೆಲೆಗಳೆಲ್ಲ ಹೆದರಿ ಹಸುರಾಗ್ಬುಡ್ತವೆ," ಅಂತ ನಾನು ರೇಗಿಸಿದರೆ ಪೊರಕೆ ತಗೊಂಡು ಬರುತ್ತಿದ್ದಳು.

ತೊಂಬತ್ತನೇ ಇಸವಿಯ ಈಚೆಗಿನ ಒಂದು ವರ್ಷ, ಬೈಲಪ್ಪ ಅಕ್ಕನ ಹೊಸ ಗಾಡಿಗೆ ಚಕ್ರ ಮಾಡುತ್ತಿದ್ದ. ಒಂದಕ್ಕೆ ಪಟ್ಟಿ ಬಿತ್ತು. ಇನ್ನೊಂದಕ್ಕೆ ಹಾಕುವಷ್ಟರಲ್ಲಿ ಅವನ ಕಣ್ಣು ಹಳದಿಯಾಗಿ, ಬಲಪಕ್ಕೆಯ ಕೆಳಗೆ ಅಡಿಗಲ್ಲಿನಂಥ ಗಟ್ಟಿ ಗಡ್ಡೆ ಕೈಗೆ ಸಿಕ್ಕಿತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ನಾನೇ ಕರೆದೊಯ್ದೆ. ಈಲಿಯ, ಅಂದರೆ ಲಿವರಿನ ಕ್ಯಾನ್ಸರು, ಬಲಿತುಬಿಟ್ಟಿದೆ, ಕುಯ್ದು ತೆಗೆಯುವಂತಿಲ್ಲ ಅಂದರು.

"ಪೂರ್ತಿ ವಾಸಿಯಾಗುತ್ತೆ ಅಂತ ನಾನು ಹೇಳಲ್ಲ," ಅಂದಳು ಡಾಕ್ಟರಮ್ಮ. "ಇಂಜೆಕ್ಷನ್ ಕೊಡ್ತೀವಿ, ಜೊತೆಗೆ ಮಿಷಿನ್ನಿಂದ ಗಡ್ಡೆಗೆ ಕಾವು ಕೊಡ್ತೀವಿ. ಕಾವು ಬಿದ್ದರೆ ಔಷಧಿ ಚೆನ್ನಾಗಿ ಹಿಡಿಯಬಹುದು. ಗಡ್ಡೆ ಕುಗ್ಗಿದರೆ ಸ್ವಲ್ಪ ಕಾಲ ಸಿಗುತ್ತೆ."

"ಸ್ವಲ್ಪ ಸಾಕು ಕಣಮ್ಮ," ಅಂದ ಬೈಲಪ್ಪ. "ಅಕ್ಕನ ಗಾಡಿಗೆ ಇನ್ನೊಂದು ಚಕ್ರ ಬಾಕಿ ಐತೆ."

ಹೊಟ್ಟೆಗೂ ಬೆನ್ನಿಗೂ ನೀರು ತುಂಬಿದ ದಿಂಬು ಒತ್ತಿ ಕಾವು ಕೊಟ್ಟರು. ಬೆವರು ಸುರಿಸಿಕೊಂಡು ಹೊರಗೆ ಬಂದವನು, "ಬೆರಣಿ ಇಲ್ಲ, ಹೊಗೆ ಇಲ್ಲ. ನನ್ನ ಕುಲುಮೆಗೂ ಒಂದು ಕೇಳಲೇನ್ಲಾ?" ಅಂದ. ಕೆಲವು ಬಾರಿ ಹೋಗಿ ಬಂದ ಮೇಲೆ ನೋವು ತಗ್ಗಿತು. ಒಂದು ಮುದ್ದೆ ಪೂರ್ತಿ ಉಂಡ. ಆ ಮುದ್ದೆ ನೋಡಲು ನಾನು ಇಡೀ ಮಂಡಿಯನ್ನೇ ಕರೆದಿದ್ದೆ.

ಆಗ ಈರಕ್ಕ ಬಂದಳು. ತಮ್ಮನ ಅಂಗಿ ಎತ್ತಿ ನೋಡಿದಳು.

"ಇದೆಂಥ ಕಾವೋ? ಒಂದು ಗುರುತೂ ಬಿದ್ದಿಲ್ಲ!"

"ಒಳಗೆ ಬೀಳ್ತೈತಂತೆ ಕಣಕ್ಕ."

"ಹೊರಗೆ ಬೀಳದ್ದು ಒಳಗೆಂಗೆ ಬಿದ್ದಾತು? ಆಯಮ್ಮ ಕಾಯಿಸ್ಲಿ, ನಾನೂ ಕಾಯಿಸ್ತೀನಿ."

ಬೈಲಪ್ಪ ನಕ್ಕ. "ಆಗ್ಲಿ ಬಿಡು, ಜೋಡಿ ಬರ್ಲಿ," ಅಂತ ತಾನೇ ಕುಲುಮೆಯಲ್ಲಿ ಸಣ್ಣ ಸಲಾಕೆ ಕಾಯಿಸಿ ಅಕ್ಕನ ಕೈಗೆ ಕೊಟ್ಟ. ಈ ಸಲ ಬರೆ ಬಿದ್ದದ್ದು ಮಣಿಕಟ್ಟಿಗಲ್ಲ, ಗಡ್ಡೆಯ ಮೇಲೆಯೇ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಬರೆಯಲ್ಲಿ ಕೀವು ತುಂಬಿತ್ತು. ಡಾಕ್ಟರಮ್ಮನ ಮುಖ ಇಳಿದುಹೋಯಿತು. "ಎವರು ಚೇಸಿನಾರಪ್ಪಾ ಇದಿ?" ಅಂತ ತೆಲುಗಿನಲ್ಲಿ ಕೇಳಿದಳು. ಯಾರು ಮಾಡಿದ್ದೆಂದು ನಾವಿಬ್ಬರೂ ಬಾಯಿ ಬಿಡಲಿಲ್ಲ. ಬೆಂದ ಚರ್ಮದ ಮೇಲೆ ಮಿಷಿನ್ ಇಡುವಂತಿಲ್ಲ, ಕೀವು ಇರುವಾಗ ಇಂಜೆಕ್ಷನ್ನೂ ಕೊಡುವಂತಿಲ್ಲ, ಗಾಯ ಮಾಯಲಿ ಅಂದಳು. ಅದು ಮಾಯಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬತೊಡಗಿತು.

ಕೊನೆಯ ಸಲ ವಾಪಸ್ ಬರುವಾಗ ರೈಲಿನಲ್ಲಿ ಬೈಲಪ್ಪ ಕೇಳಿದ, "ಅಕ್ಕಂಗೆ ಏನಂತ ಹೇಳ್ತೀಯ?"

"ಇದ್ದದ್ದು ಇದ್ದಂಗೆ."

"ಹುಟ್ಟಿದಾಗಿನಿಂದ ಒಂದು ನಿಜ ಹೇಳ್ದೋನಲ್ಲ, ಇವತ್ತೇ ಸುರು ಮಾಡ್ಬೇಕಾ? ಮಿಷಿನ್ ಕೆಟ್ಟೈತೆ ಅನ್ನು."

ಹೇಳಿದೆ. ಮಿಷಿನ್ನಿನೊಳಗೆ ಇಲಿ ನುಗ್ಗಿ ವೈರು ಕಡಿದಿದೆ, ಅದರ ಸಾಮಾನು ಜಪಾನಿನಿಂದ ಬರಬೇಕು, ತರುತ್ತಿದ್ದ ಹಡಗು ಮದ್ರಾಸಿನ ಹತ್ತಿರ ಮರಳಲ್ಲಿ ಹೂತುಕೊಂಡಿದೆ ಅಂದೆ. ಈರಕ್ಕ ಒಂದಕ್ಷರ ಬಿಡದೆ ನಂಬಿದಳು.

"ಹಾಳಾದ್ ಇಲಿ! ಹೋಗ್ಲಿ, ಹಡಗು ಬರೋಗಂಟ ನಾನೇ ಕಾಯಿಸ್ತೀನಿ," ಅಂತ ಎದ್ದಳು.

ಬೈಲಪ್ಪ ನನ್ನ ಮುಖ ನೋಡಿದ. ಆಮೇಲೆ ಮಣಿಕಟ್ಟು ಚಾಚಿದ. "ಹೊಟ್ಟೆಗೆ ಬ್ಯಾಡ ಕಣಕ್ಕ, ಕೈಗೆ ಹಾಕು."

ಅವಳು ಅರಿಶಿನದ ಕೊಂಬು ಸುಟ್ಟು ಮುಟ್ಟಿಸಿ, ಉಫ್ ಉಫ್ ಅಂತ ಊದಿದಳು.

"ಈಗ ಹಾಯಾಯ್ತು," ಅಂದ.

ಹೊಸ ಹುಣಸೆ ಬರುವ ಮೊದಲೇ ಹೋಗಿಬಿಟ್ಟ. ಪಟ್ಟಿ ಇಲ್ಲದ ಚಕ್ರ ಕುಲುಮೆಯ ಗೋಡೆಗೆ ಒರಗಿಕೊಂಡೇ ಇತ್ತು. ಬೇರೆಯವರ ಕೈಲಿ ಹಾಕಿಸಲು ಈರಕ್ಕ ಒಪ್ಪಲಿಲ್ಲ.

ಆಮೇಲೂ ಎಷ್ಟೋ ವರ್ಷ, ನಾನು ಕಲ್ಯಾಣದುರ್ಗದ ಕಡೆ ಹೋದಾಗಲೆಲ್ಲ ನೀರು ಕೊಟ್ಟು ಕೂರಿಸಿ ಕೇಳುತ್ತಿದ್ದಳು:

"ನಾರಪ್ಪ, ಆ ಹಡಗು ಬಂತೇನಪ್ಪಾ?"

"ಇನ್ನೂ ಇಲ್ಲ ಕಣಕ್ಕ."

"ಬಂದಿದ್ರೆ ನನ್ನ ತಮ್ಮ ಉಳ್ಕಂತಿದ್ದ."

"ಹೂಂ ಕಣಕ್ಕ."