ಬಿಟ್ಟ ಮನೆಗಳ ಹುಲಿಯಮ್ಮ

ಮಾರ್ಗಶಿರದ ಚಳಿ. ಅಜ್ಜಂಪುರದ ರೈಲ್ವೆ ಗೇಟಿನಾಚೆಗಿರುವ ಸಂಘದ ಕಾಲೋನಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ನಾಯಿಗಳು ಕೂಡ ಬೂದಿಯ ಗುಡ್ಡೆಯಲ್ಲಿ ಮುದುರಿ ಮಲಗಿವೆ. ಇಂಥ ಹೊತ್ತಿನಲ್ಲಿ ಒಂದು ಮನೆಯೊಳಗಿಂದ ಬೀಸುವ ಕಲ್ಲಿನ ಸದ್ದು ಬರುತ್ತಿದೆ. ಬೀಸುತ್ತಿರುವವರು ಹುಲಿಯಮ್ಮ. ವಯಸ್ಸು ಅರವತ್ತರ ಆಚೀಚೆ. ಸರಿಯಾಗಿ ಹೇಳಬಲ್ಲವರು ಯಾರೂ ಉಳಿದಿಲ್ಲ. ಕಲ್ಲಿನ ಬಾಯಿಗೆ ಬೀಳುತ್ತಿರುವುದು ಒಂದೇ ಒಂದು ಹಿಡಿ ರಾಗಿ. ಪೇಟೆಯಲ್ಲಿ ಹಿಟ್ಟಿನ ಮಿಲ್ಲಿದೆ, ಒಂಟಿ ಹೆಂಗಸಿಗೆ ಈ ಕಷ್ಟ ಬೇಕಾಗಿಯೂ ಇಲ್ಲ. ಆದರೂ ದಿನಾ ಬೀಸುತ್ತಾರೆ. ಗೋಡೆಯಾಚೆಗಿನ ತೀರ್ಥಮ್ಮನ ಸಂಸಾರಕ್ಕೆ ಈ ಸದ್ದು ಕೇಳಬೇಕು.

"ಈ ಕಡೆ ಜನ ಅವ್ರೆ ಅಂತ ಅವ್ರಿಗೆ ಗೊತ್ತಾಗ್ಬೇಕು ಕಣ್ರೀ," ಎನ್ನುತ್ತಾರೆ ಹುಲಿಯಮ್ಮ, ಹಿಟ್ಟನ್ನು ಮೊರಕ್ಕೆ ಬಳಿದುಕೊಳ್ಳುತ್ತ. "ಸದ್ದು ನಿಂತ್ರೆ ಅವ್ರೂ ಗಂಟುಮೂಟೆ ಕಟ್ತಾರೆ. ಎರಡು ಮನೆ ಒಂದೇ ಸಲಕ್ಕೆ ಹೋಯ್ತವೆ."

ಬೀಸಿದ್ದಾದ ಮೇಲೆ ಒಲೆ. ಒಲೆಗೆ ಹಸಿ ಸೌದೆಯನ್ನೇ ಹುಡುಕಿ ಇಡುತ್ತಾರೆ, ಹೊಗೆ ಜಾಸ್ತಿಯಾಗಲಿ ಎಂದು. ಹೊಗೆ ಮೇಲಕ್ಕೇರಿ ತೊಲೆ, ಗಳುಗಳನ್ನೆಲ್ಲ ಹಾದು ಹೆಂಚಿನ ಸಂದಿಯಿಂದ ಆಚೆ ಹೋಗಬೇಕು. ಹೊಗೆಯಾಡದ ಮನೆಗೆ ಹುಳು ಬೀಳುತ್ತದೆ. ಕಣ್ಣೀರು ಒರೆಸಿಕೊಳ್ಳುತ್ತಲೇ ಗೋಡೆಯ ಬುಡ ನೋಡಿಕೊಂಡು ಬರುತ್ತಾರೆ. ರಾತ್ರಿ ಏರಿದ ಗೆದ್ದಲನ್ನು ಕುಡುಗೋಲಿನಲ್ಲಿ ಕೆರೆದು ಹಾಕುತ್ತಾರೆ, ಹೆಗ್ಗಣದ ಬಿಲಕ್ಕೆ ಕಲ್ಲು ಜಡಿಯುತ್ತಾರೆ. ಆಮೇಲೆ ನೆಲ ಸಾರಿಸಿ, ಬಾಗಿಲ ಮುಂದೆ ನಾಲ್ಕು ಗೆರೆ ರಂಗೋಲಿ ಎಳೆದು, ಈರುಳ್ಳಿ ಹೊಲದ ಕೂಲಿಗೆ ಹೊರಡುತ್ತಾರೆ. ಸಂಜೆ ಬಂದು ಮತ್ತೆ ದೀಪ, ಮತ್ತೆ ಒಲೆ. ಇಷ್ಟೆಲ್ಲ ಜೋಪಾನ ಮಾಡುವ ಈ ಮನೆ ಅವರದ್ದಲ್ಲ.

ಮನೆ ತಮ್ಮಯ್ಯ ಮತ್ತು ಪಾಪಮ್ಮನದು. ಹೋದ ಜ್ಯೇಷ್ಠದಲ್ಲಿ ತಮ್ಮಯ್ಯನ ತಾಯಿ ಓಬಮ್ಮ ಇಲ್ಲಿ ತೀರಿಕೊಂಡರು. ಸಾವೇನೋ ವಯಸ್ಸಾದ ಸಾವು, ಅಳುವಷ್ಟು ಅತ್ತು ಮರೆಯುವಂಥದ್ದು. ಆದರೆ ಪ್ರಾಣ ಹೋದದ್ದು ಧನಿಷ್ಠಾ ನಕ್ಷತ್ರದಲ್ಲಿ. ಅಂಥ ನಕ್ಷತ್ರದಲ್ಲಿ ಸಾವಾದರೆ ಆರು ತಿಂಗಳು ಮನೆ ಬಿಡಬೇಕು. ಇಲ್ಲದಿದ್ದರೆ ಸತ್ತವರ ಹಿಂದೆ ಇನ್ನೊಬ್ಬರು ಹೋಗುತ್ತಾರೆ ಎಂಬ ಭಯ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ಬಾಗಿಲಿಗೆ ಮುಳ್ಳು ಬಡಿದು ಹೊರಟುಬಿಡುತ್ತಾರೆ. ಪೇಟೆಯಲ್ಲಿ ಓದುವವರಿಗೆ ನಗು ಬರಬಹುದು. ನಗುವುದಕ್ಕೆ ಮುಂಚೆ ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ನೋಡಿ.

ಹತ್ತು ಅಂಕಣದ ಮನೆಯಿದ್ದವರು ಬಿಟ್ಟು ಹೋದರೆ ಹೋಗಲು ಇನ್ನೊಂದು ಕಡೆ ಇರುತ್ತದೆ, ತೋಟದ ಮನೆಯೋ ಅಣ್ಣತಮ್ಮಂದಿರ ಮನೆಯೋ. ಈ ಕಾಲೋನಿಯವರು ಎಲ್ಲಿಗೆ ಹೋಗಬೇಕು? ಇವರೆಲ್ಲ ಕೆರೆಯಂಗಳದ ಗುಡಿಸಲುಗಳಿಂದ ಬಂದವರು. ಊರಿನ ನಿವೃತ್ತ ಮೇಷ್ಟ್ರು ಶಿವಮೂರ್ತಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಆಸರೆ ಸಂಘ ಶುರು ಮಾಡಿದರು. ಜಾಗ ದಾನಿಗಳದು, ಹೆಂಚು ಮತ್ತು ಮರ ಸಂಘದ್ದು, ಮೈಬೆವರು ಮನೆಯವರದು. ಮುಯ್ಯಾಳಿನ ಲೆಕ್ಕದಲ್ಲಿ ಇವರ ಮನೆಗೆ ಅವರು, ಅವರ ಮನೆಗೆ ಇವರು ಮಣ್ಣು ಹೊತ್ತರು, ಗೋಡೆ ಇಟ್ಟರು. ಒಬ್ಬರ ಮುಖ ಒಬ್ಬರು ನೋಡದ ಕುಲದವರು ಒಂದೇ ಬುಟ್ಟಿ ಹಿಡಿದರು. ಖರ್ಚು ಉಳಿಯಲೆಂದು ಎರಡೆರಡು ಮನೆಗೆ ನಡುವೆ ಒಂದೇ ಗೋಡೆ ಎಬ್ಬಿಸಿದರು. ಇನ್ನಷ್ಟು ಜನಕ್ಕೆ ಸೂರಾಗಲಿ ಎನ್ನುವ ಒಳ್ಳೆಯ ಬುದ್ಧಿಯೇ ಅದು.

"ಮನೆ ಕಟ್ಟಿದ್ವಿ," ಎನ್ನುತ್ತಾರೆ ಶಿವಮೂರ್ತಪ್ಪ ಮೇಷ್ಟ್ರು, ಕನ್ನಡಕ ಒರೆಸುತ್ತ. "ಮನೆ ಅಂದ್ಮೇಲೆ ಅದರೊಳಗೆ ಜನ ಸಾಯ್ತಾರೆ ಅನ್ನೋದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ."

ಮೊದಲ ಸಾವು ಎರಡು ವರ್ಷದ ಹಿಂದೆ, ಕಾಲೋನಿಯ ಮೂಲೆಯ ಮನೆಯಲ್ಲಿ. ಆ ಮನೆಯವರು ಹೋದರು. ಗೋಡೆ ಒಂದೇ ಅಲ್ಲವೇ, ದೋಷ ನಮಗೂ ತಟ್ಟುತ್ತದೆ ಎಂದು ಪಕ್ಕದವರೂ ಹೋದರು. ಮೊದಲು ಕಿಟಕಿ ಮಾಯವಾಯಿತು, ಆಮೇಲೆ ಬಾಗಿಲು, ಆಮೇಲೆ ಹೆಂಚು. ಮಳೆಗಾಲ ಮಿಕ್ಕದ್ದನ್ನು ನೋಡಿಕೊಂಡಿತು. ಇವತ್ತು ಅಲ್ಲಿ ಎರಡು ಮಣ್ಣುಗುಡ್ಡೆಗಳಿವೆ, ಮೇಲೆ ಎಕ್ಕದ ಗಿಡ. ಮಣ್ಣಿನ ಮನೆಗೆ ಒಂದೇ ಒಂದು ಮಳೆಗಾಲ ಒಳಗೆ ಜನ ಇಲ್ಲದಿದ್ದರೆ ಸಾಕು. ಅದೇ ಮಣ್ಣನ್ನು ಹೊತ್ತು ತಂದ ಕೈಗಳು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಸಂಘ ಗಾಬರಿಯಾಯಿತು. ಮೂರು ತಿಂಗಳು ಬೀಗ ಬಿದ್ದ ಮನೆಯನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಕಟ್ಟುನಿಟ್ಟು ಮಾಡಿತು. ಕೊಡುತ್ತೇವೆ ಎಂದರೆ ತೆಗೆದುಕೊಳ್ಳುವವರು ಯಾರು? ಆದರೆ ಬಿಟ್ಟು ಹೋದವರ ಹಕ್ಕು ಮಾತ್ರ ಹೋಗುತ್ತದೆ. ಹೀಗೆ ನಕ್ಷತ್ರದ ಆರು ತಿಂಗಳು, ಸಂಘದ ಮೂರು ತಿಂಗಳು, ಎರಡರ ನಡುವೆ ಬಡವರು ಸಿಕ್ಕಿಹಾಕಿಕೊಂಡರು. ಆಗ ಎದ್ದು ನಿಂತವರು, ಕಟ್ಟುವಾಗ ಮಣ್ಣು ಹೊರುವ ಕೂಲಿಗೆ ಬಂದು ಸಂಘದ ಸಾಮಾನಿನ ಶೆಡ್ಡಿನಲ್ಲೇ ಉಳಿದುಕೊಂಡಿದ್ದ ಹುಲಿಯಮ್ಮ. ಮನೆಯವರು ವಾಪಸ್ಸು ಬರುವ ತನಕ ನಾನು ಒಳಗಿರುತ್ತೇನೆ, ಒಲೆ ಹಚ್ಚುತ್ತೇನೆ, ಆಗ ಬೀಗ ಬಿದ್ದ ಮನೆ ಅಂತ ಯಾರು ಅಂತಾರೆ ಎಂದು ಕೇಳಿದರು. ಮೇಷ್ಟ್ರು ಒಪ್ಪಿದರು. ತಿಂಗಳಿಗಿಷ್ಟು ರಾಗಿ ಎಂದು ಮಾತಾಯಿತು. ಮೊದಲ ಎರಡು ಮನೆಗಳಿಗೆ ಆ ಮಾತು ತಡವಾಗಿ ಬಂತು. ಆಮೇಲೆ ಬಿಟ್ಟ ಮನೆಗಳಲ್ಲಿ ಒಂದೂ ಬಿದ್ದಿಲ್ಲ.

ಪಾಪಮ್ಮನ ಮನೆಯ ಕತೆ ಮಾತ್ರ ಅಷ್ಟು ಸುಲಭದ್ದಾಗಿರಲಿಲ್ಲ. ಇಟ್ಟಿಗೆ ಗೂಡಿನ ಪಕ್ಕ ತೆಂಗಿನ ಗರಿಯ ಮರೆ ಕಟ್ಟಿಕೊಂಡು ಗಂಡ, ಹೆಂಡತಿ, ಎರಡು ಹೆಣ್ಣುಮಕ್ಕಳು ಮಳೆಗಾಲ ಕಳೆದರು. ಚಿಕ್ಕವಳಿಗೆ ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಇದೂ ಅವ್ವನದೇ ಕಾಟ ಎಂದು ತಮ್ಮಯ್ಯ ನಿಶ್ಚಯ ಮಾಡಿದ. ಇನ್ನು ಆ ಮನೆಯ ಸಹವಾಸವೇ ಬೇಡ, ಬಾಗಿಲು ಹೆಂಚು ಬಿಚ್ಚಿ ಮಾರಿ ಪಂಚನಹಳ್ಳಿಯ ಕಡೆ ಹೋಗಿ ತೋಟದ ಕೆಲಸಕ್ಕೆ ಸೇರೋಣ ಎಂದ. ಪಾಪಮ್ಮ ಹುಲ್ಲು ತರುವ ನೆಪದಲ್ಲಿ ಬಂದು ಹಿತ್ತಲಿನಲ್ಲಿ ನಿಂತು ಅತ್ತರು. ಹುಟ್ಟಿದಾಗಿನಿಂದ ಗೋಡೆ ಅನ್ನುವುದನ್ನು ಕಂಡಿರಲಿಲ್ಲ ಅಕ್ಕ, ನನ್ನ ಕೈಯಾರೆ ಮೆತ್ತಿದ ಗೋಡೆ ಇದು, ಹೆಂಗಾದರೂ ಉಳಿಸಿಕೊಡು ಎಂದರು. ಒಳಗೆ ಮಾತ್ರ ಕಾಲಿಡಲಿಲ್ಲ.

ಭಾದ್ರಪದದ ಒಂದು ಬೆಳಿಗ್ಗೆ ತಮ್ಮಯ್ಯ ಗಾಡಿ ಹೊಡೆದುಕೊಂಡು ಬಂದೇ ಬಿಟ್ಟ, ಕೈಯಲ್ಲಿ ಹಾರೆ. ಹುಲಿಯಮ್ಮ ಪೊರಕೆ ಬಿಸಾಡಿ ಬಂದು ಹೊಸಿಲ ಮೇಲೆ ಕೂತರು. ಹೊಸಿಲ ಮೇಲೆ ಕೂರಬಾರದು ಎಂದು ಅವರಿಗೆ ಗೊತ್ತಿಲ್ಲವೇ? ಬಿಟ್ಟ ಮನೆಯಲ್ಲಿ ಮಲಗುವವರಿಗೆ ಅದೇನು ದೊಡ್ಡದು.

"ಬಾಗ್ಲು ಬೇಕಾದ್ರೆ ನನ್ನೂ ಸೇರ್ಸಿ ಗಾಡಿಗೆ ಹಾಕ್ಕೋ ತಮ್ಮಯ್ಯ," ಎಂದರು. "ಮೂರು ತಿಂಗಳಿಂದ ಇಲ್ಲೇ ಉಂಡು ಇಲ್ಲೇ ಮಲಗೀನಿ. ನಿಮ್ಮವ್ವ ಬಂದು ನನ್ನ ಏನೂ ಕೇಳಿಲ್ಲ. ಕೇಳೋಳಾಗಿದ್ರೆ, ನನ್ನ ಮೊಮ್ಮಕ್ಕಳು ಯಾಕೆ ಮಳೇಲಿ ನೆನೀತಾವೆ ಅಂತ ನಿನ್ನೇ ಕೇಳ್ತಿದ್ಲು."

ತಮ್ಮಯ್ಯ ಬಾಯಿಗೆ ಬಂದಂತೆ ಬೈದ. ಸೂತಕದ ಮುದುಕಿ ಎಂದ, ಪೀಡೆ ಎಂದ. ಗೋಡೆಯಾಚೆಯಿಂದ ತೀರ್ಥಮ್ಮ, ಅವರ ಗಂಡ ಮಂಜಪ್ಪ ಬಂದು ಹೊಸಿಲ ಪಕ್ಕಕ್ಕೆ ನಿಂತರು. ಒಂದು ಗಳಿಗೆ ಕಳೆದು ತಮ್ಮಯ್ಯ ಖಾಲಿ ಗಾಡಿ ತಿರುಗಿಸಿದ. ಅವತ್ತಿನಿಂದ ಹುಲಿಯಮ್ಮ ಕೂಲಿಗೆ ಹೋಗುವಾಗಲೂ ಹಿಂದೆ ತಿರುಗಿ ನೋಡಿಕೊಂಡೇ ಹೋಗುತ್ತಾರೆ.

ಆರು ತಿಂಗಳು ಈ ಸೋಮವಾರಕ್ಕೆ ಮುಗಿಯುತ್ತದೆ. ಬರುತ್ತಾನೋ ಬರುವುದಿಲ್ಲವೋ ಎಂದು ಕಾಲೋನಿಗೆ ಕಾಲೋನಿಯೇ ಕಾಯುತ್ತಿದೆ. ಶನಿವಾರ ಸಂಜೆ ಪಾಪಮ್ಮನ ದೊಡ್ಡ ಮಗಳು ಓಡಿ ಬಂದು ಸುದ್ದಿ ಮುಟ್ಟಿಸುತ್ತಾಳೆ. ಬರುತ್ತಾರಂತೆ. ಅಪ್ಪ ಶಾಂತಿಗೆ ಅಯ್ಯನೋರನ್ನು ಗೊತ್ತು ಮಾಡಿದ್ದಾನಂತೆ, ಸುಣ್ಣವನ್ನೂ ತಂದಿದ್ದಾನಂತೆ. ಹುಲಿಯಮ್ಮನ ಮುಖ ಅರಳುತ್ತದೆ. ಸೆರಗಿನಲ್ಲಿದ್ದ ಬೆಲ್ಲದ ಚೂರನ್ನು ಹುಡುಗಿಯ ಬಾಯಿಗಿಡಲು ಹೋಗುತ್ತಾರೆ. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಅಪ್ಪ ಇನ್ನೊಂದು ಮಾತು ಹೇಳು ಅಂದಿದ್ದಾನೆ ಎನ್ನುತ್ತಾಳೆ. ಸೋಮವಾರ ಬೆಳಕಾಗುವುದರೊಳಗೆ ಅಜ್ಜಿ ಹಿತ್ತಲ ಬಾಗಿಲಿನಿಂದ ಹೋಗಿಬಿಡಬೇಕಂತೆ, ನಮಗೆ ಎದುರಾಗಬಾರದಂತೆ.

ಹೊಟ್ಟೆ ಉರಿಯುವ ಮಾತು. ಹುಲಿಯಮ್ಮ ಮಾತ್ರ ಬೆಲ್ಲವನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು, ಆಯ್ತು ಅನ್ನು ಮಗ ಎನ್ನುತ್ತಾರೆ. ಇದು ಮೊದಲ ಸಲವೇನಲ್ಲ. ಅವರು ಕಾದ ಮನೆಮನೆಯಲ್ಲೂ ಹೀಗೆಯೇ ಆಗಿದೆ.

ಸೋಮವಾರ. ಶೆಡ್ಡಿನ ಬಾಗಿಲಲ್ಲಿ ಕೂತು ಹುಲಿಯಮ್ಮ ದೂರದಿಂದ ನೋಡುತ್ತಾರೆ. ಅವರು ಸಾರಿಸಿದ ನೆಲವನ್ನು ತಮ್ಮಯ್ಯನ ಮನೆಯವರು ಗುದ್ದಲಿಯಲ್ಲಿ ಕೆತ್ತಿ ಮಣ್ಣನ್ನು ಬೀದಿಗೆ ಸುರಿಯುತ್ತಾರೆ. ಒಲೆಯ ಗುಂಡುಗಳನ್ನು ತೆಗೆದು ಬೇಲಿಯಾಚೆ ಎಸೆಯುತ್ತಾರೆ. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ಸೊಪ್ಪು. ಹಾಲುಕ್ಕಿಸಿದ ಹೊಗೆ ಹೆಂಚಿನ ಸಂದಿಯಿಂದ ಬರುತ್ತದೆ. ಕಾಲೋನಿಯವರೆಲ್ಲ ಊಟಕ್ಕೆ ಕೂರುತ್ತಾರೆ, ಗೋಡೆಯಾಚೆಯ ತೀರ್ಥಮ್ಮನೂ.

ಎಲ್ಲರೂ ಎದ್ದ ಮೇಲೆ ಪಾಪಮ್ಮ ಮುತ್ತುಗದ ಎಲೆಯಲ್ಲಿ ಪಾಯಸ ಹಿಡಿದು ಶೆಡ್ಡಿಗೆ ಬರುತ್ತಾರೆ. ತಲೆ ಎತ್ತುವುದಿಲ್ಲ. "ಕರೀಬೇಡ ಅಂದ್ಬಿಟ್ರು ಅಕ್ಕ," ಎಂದಷ್ಟೇ ಅನ್ನುತ್ತಾರೆ. ಮನೆ ಉಳಿಯಿತಲ್ಲ, ಮಳೆ ಬರುವುದರೊಳಗೆ ಪಡುವಣ ಮೂಲೆಯ ಹೆಂಚು ಒಂದು ಸಲ ಕೈಯಾಡಿಸಲು ಹೇಳು ಎಂದು ಹುಲಿಯಮ್ಮ ಕಳಿಸಿಕೊಡುತ್ತಾರೆ. ಪಾಯಸ ತಣ್ಣಗಾಗಿದೆ. ಪೂರ್ತಿ ತಿನ್ನುತ್ತಾರೆ.

ಇಷ್ಟು ಮಾಡಿದವರಿಗೆ ಸಂಘ ಒಂದು ಮನೆ ಕೊಡಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಮೇಷ್ಟ್ರು ಕೇಳಿದರು, ಕಮಿಟಿಯಲ್ಲಿ ಎರಡು ಸಲ ಕೇಳಿದರು. ಆಕೆಯ ಪಕ್ಕದ ಗೋಡೆಗೆ ಯಾರು ಬರುತ್ತಾರೆ ಸ್ವಾಮಿ ಎಂಬ ಪ್ರಶ್ನೆ ಎದ್ದಿತು. ಮಾತು ಅಲ್ಲಿಗೇ ನಿಂತಿತು. ಆ ಹೊತ್ತಿಗೆ ಗಟ್ಟಿಯಾಗಿ ಮಾತಾಡಬೇಕಿತ್ತು ಎಂದು ಮೇಷ್ಟ್ರು ಈಗ ಅನ್ನುತ್ತಾರೆ. ಈ ಮಳೆಗಾಲದಿಂದ ಹುಲಿಯಮ್ಮನಿಗೆ ಕೆಮ್ಮು ಬೇರೆ ಹಿಡಿದಿದೆ, ಬಿಡುವ ಹಾಗೆ ಕಾಣುವುದಿಲ್ಲ.

ಆ ಸಂಜೆ ಮೇಷ್ಟ್ರು ಶೆಡ್ಡಿಗೆ ಬರುತ್ತಾರೆ. ಸಿಮೆಂಟಿನ ಖಾಲಿ ಚೀಲದ ಮೇಲೆ ಕೂತು, ನಿಮಗೆ ಏನು ಆಗಬೇಕು ಹೇಳಿ ಹುಲಿಯಮ್ಮ, ನನ್ನ ಕೈಲಾದರೆ ಮಾಡುತ್ತೇನೆ ಎಂದು ಕೇಳುತ್ತಾರೆ. ಹುಲಿಯಮ್ಮ ಯಾರಿಗೂ ಹೇಳದ ಒಂದು ಸಂಗತಿ ಹೇಳುತ್ತಾರೆ.

ಅವರ ಗಂಡ ಸಣ್ಣಬೀರಪ್ಪ ಕಡೂರಿನಲ್ಲಿ ಕೊಬ್ಬರಿ ಮೂಟೆ ಹೊರುವ ಹಮಾಲಿ. ಮಂಡಿಯ ಹಿಂದೆ ಒಂದು ಬಾಡಿಗೆ ಕೋಣೆ. ಕಾಮಾಲೆ ಆಗಿ ಮಲಗಿದ್ದವನಿಗೆ ಒಂದು ದಿನ ಉಸಿರು ಮೇಲಕ್ಕೆ ಎಳೆಯಲು ಶುರುವಾಯಿತು. ಮನೆಯ ಯಜಮಾನ ಪಂಚಾಂಗ ಕೇಳಿಸಿಕೊಂಡು ಬಂದ. ನಕ್ಷತ್ರ ಚೆನ್ನಾಗಿಲ್ಲ, ಒಳಗೆ ಪ್ರಾಣ ಹೋದರೆ ನಾವು ಮನೆ ಬಿಡಬೇಕಾಗುತ್ತದೆ, ಹೊರಗೆ ತಂದು ಮಲಗಿಸು ಎಂದ. ಮಟಮಟ ಮಧ್ಯಾಹ್ನ, ಬೇಸಿಗೆ. ಇನ್ನೊಬ್ಬ ಹಮಾಲಿಯನ್ನು ಕರೆದು ಚಾಪೆಯ ಎರಡು ತುದಿ ಹಿಡಿದು ಅಂಗಳಕ್ಕೆ ತಂದರು. ಅಂಗಳದಲ್ಲಿ ಒಂದು ಗಿಡವೂ ಇರಲಿಲ್ಲ.

"ಯಾಕೆ ಹೊರಗೆ ತಂದೆ ಅಂತ ಕೇಳ್ದ ಮೇಷ್ಟ್ರೇ. ಒಳಗೆ ಸೆಕೆ, ಅದ್ಕೆ ಅಂದೆ. ಬಿಸ್ಲು ಕಣ್ಣಿಗೆ ಹೊಡೀತೈತೆ ಅಂದ. ಸೆರಗು ಹಿಡ್ಕಂಡು ಕೂತಿದ್ದೆ. ದೀಪ ಹಚ್ಚೋ ಹೊತ್ತಿಗೆ ಹೋದ." ಕೆಮ್ಮು ಬಂದು ಮಾತು ತಡೆಯುತ್ತದೆ. "ಅಷ್ಟೊತ್ತಿಗೆ ಆ ನಕ್ಷತ್ರ ಕಳೆದು ಹೋಗಿತ್ತಂತೆ. ಆಮೇಲೆ ಹೇಳಿದ್ರು. ಒಳಗೇ ಇರಬೋದಾಗಿತ್ತು ಅವ್ನು."

ಆಮೇಲೆ ಹುಲಿಯಮ್ಮ ತಮಗೆ ಬೇಕಾದದ್ದನ್ನು ಹೇಳುತ್ತಾರೆ. ಮನೆ ಬೇಡ, ಖಾತೆ ಬೇಡ. ಜೀವ ಹೋಗುವಾಗ ತಾವು ಯಾರ ಮನೆ ಕಾಯುತ್ತಿರುತ್ತಾರೋ ಅಲ್ಲೇ ಬಿಟ್ಟುಬಿಡಬೇಕು, ಎತ್ತಿಕೊಂಡು ಹೊರಗೆ ತರಬಾರದು. ಒಂದು ಸೂರಿನ ಕೆಳಗೆ ಸಾಯಬೇಕು, ಅಷ್ಟೆ.

ಮೇಷ್ಟ್ರು ಆಯಿತು ಅನ್ನಬೇಕು. ಕನ್ನಡಕ ತೆಗೆದು ಒರೆಸತೊಡಗುತ್ತಾರೆ. ಅವರ ಮುಖ ನೋಡಿ ಹುಲಿಯಮ್ಮನೇ ತಲೆಯಾಡಿಸುತ್ತಾರೆ.

"ಬ್ಯಾಡ ಬಿಡಿ. ಆಮೇಲೆ ಆ ಮನೆಯೋರು ಮತ್ತೆ ಮನೆ ಬಿಡ್ಬೇಕಾಗ್ತದೆ. ಒಲೆ ಹಚ್ಚೋಕೆ ನಾನಿರಾಕಿಲ್ಲ. ಹೊರಗೇ ತನ್ನಿ ಮೇಷ್ಟ್ರೇ. ಎಲ್ಲಾದ್ರೂ ಒಂಚೂರು ನೆರಳು ನೋಡಿ ಮಲಗ್ಸಿ, ಸಾಕು."