ಟವೆಲಿನ ಕೆಳಗಿನ ಕೈ

ಇವತ್ತಿನ ಪತ್ರಿಕೆಯಲ್ಲಿ ಒಂದು ಸುದ್ದಿ. ಯಾವುದೋ ದೇಶದಲ್ಲಿ ಅಂಗವಿಕಲರ ಸಹಾಯಧನದ ಅರ್ಜಿಯನ್ನು ಬದಲಾಯಿಸಿದ್ದಾರಂತೆ. ‘ನಿಮ್ಮಿಂದ ಏನು ಆಗದು’ ಎಂದು ಕೇಳುತ್ತಿದ್ದವರು ಇನ್ನು ‘ಏನು ಆಗುತ್ತದೆ’ ಎಂದು ಕೇಳಿ ನೆರವು ಕೊಡುತ್ತಾರಂತೆ. ಅದೇ ಪ್ರಶ್ನೆ ಕೇಳಿ ಪಕ್ಕದ ದೇಶ ಇದ್ದ ನೆರವನ್ನೂ ಕತ್ತರಿಸಿತಂತೆ. ನನಗೆ ಆಶ್ಚರ್ಯವಾಗಲಿಲ್ಲ. ಈ ಸುಧಾರಣೆಯನ್ನು ನಾನು ಐವತ್ತರ ದಶಕದಲ್ಲೇ ಶಿಡ್ಲಘಟ್ಟದಲ್ಲಿ ಒಬ್ಬನೇ ಜಾರಿಗೆ ತಂದು, ಒಬ್ಬರ ಅನ್ನಕ್ಕೆ ಕಲ್ಲು ಹಾಕಿದ್ದೆ.

ಆಗ ನಾನು ಅಲ್ಲಿ ಮೇಷ್ಟ್ರು. ನಾಲ್ಕಕ್ಷರ ಇಂಗ್ಲಿಷ್ ಬರುತ್ತಿದ್ದುದರಿಂದ ಊರಿನ ಅರ್ಜಿಗಳೆಲ್ಲ ನನ್ನ ಮನೆಗೇ ಬರುತ್ತಿದ್ದವು. ಆ ಜಂಬವೂ ಇತ್ತೆನ್ನಿ. ಮಂಡಿಕಲ್ ಕಡೆಯ ಮುನಿಶಾಮಪ್ಪನವರು ಎರಡನೇ ಮಹಾಯುದ್ಧದಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡು ಬಂದು, ಇಲ್ಲಿ ರೇಷ್ಮೆಗೂಡಿನ ವ್ಯಾಪಾರ ಹಿಡಿದಿದ್ದರು. ಆಗಿನ ಗೂಡಿನ ವ್ಯಾಪಾರವನ್ನು ನೀವು ನೋಡಿರಲಿಕ್ಕಿಲ್ಲ. ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ. ಇಬ್ಬರ ಬಲಗೈ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ತಿಳಿಸಬೇಕು; ಎಷ್ಟು ಬೆರಳೋ ಅಷ್ಟು ಬೆಲೆ. ಎಡಗೈ ಚಾಚಿದರೆ ಅಶುಭ. ಮೂರೇ ಬೆರಳಿದ್ದ ಇವರ ಮಟ್ಟಿಗೆ ನಾಲ್ಕು ಎನ್ನಲು ಅಂಗೈ, ಐದು ಎನ್ನಲು ಮಣಿಕಟ್ಟು ಹಿಡಿದರೆ ಸಾಕೆಂದು ಗೂಡಿನ ಮಂಡಿಯ ವ್ಯಾಪಾರಿಗಳೆಲ್ಲ ಒಪ್ಪಿಕೊಂಡಿದ್ದರು. ಅದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಾಗಲಿಲ್ಲ.

ಗಾಯದ ಪಿಂಚಣಿಗೆ ಮಾತ್ರ ಅವರು ಆಗಾಗ ಅರ್ಜಿ ಹಾಕಬೇಕಿತ್ತು. ಹಾಸಿಗೆ ಹಿಡಿದಿದ್ದ ಹೆಂಡತಿಯ ಔಷಧಿ ನಡೆಯುತ್ತಿದ್ದುದೇ ಅದರಿಂದ. ಒಂದು ವರ್ಷ ‘ಉದ್ಯೋಗ’ ಎಂಬಲ್ಲಿ ನಾನು ಅಭಿಮಾನ ಉಕ್ಕಿ, ವ್ಯಾಪಾರದಲ್ಲಿ ಈ ಕೈಯನ್ನು ಮೀರಿಸುವ ಕೈ ತಾಲ್ಲೂಕಿನಲ್ಲೇ ಇಲ್ಲವೆಂದು ಬರೆದೆ. ಪಿಂಚಣಿ ನಿಂತಿತು.

ತಪ್ಪಾಯಿತೆಂದು ಹೇಳಲು ಹೋದರೆ, “ಸುಳ್ಳೇನೂ ಬರ್ದಿಲ್ವಲ್ಲ, ಬಿಡಿ ಮೇಷ್ಟ್ರೇ” ಎಂದರು. ಬೈದಿದ್ದರೆ ವಾಸಿಯಿತ್ತು. ನಾಲ್ಕು ದಿನ ಬಿಟ್ಟು ಅವರೇ ಬಂದರು.

“ಇನ್ನೊಂದು ಅರ್ಜಿ ಬರೀರಿ. ಈ ಸಲ ನಾನ್ ಹೇಳ್ದಂಗೆ. ಮೊದ್ಲು ಬಾಗ್ಲು ಹಾಕಿ.”

ಹಾಕಿದೆ. ಅವರು ಕೈಯನ್ನು ಮೇಜಿನ ಮೇಲಿಟ್ಟರು.

“ಉಳಿದಿರೋ ಮೂರು ಬೆರಳ್ಗೂ ಸ್ಪರ್ಶ ಇಲ್ಲ. ಟವೆಲ್ ಕೆಳ್ಗೆ ಯಾರು ಎಷ್ಟು ಬೆರಳು ಹಿಡಿದ್ರೂ ನಂಗೆ ಗೊತ್ತಾಗಲ್ಲ. ಅವ್ರ ಮುಖ ನೋಡ್ಕೊಂಡು ಅಂದಾಜು ಮಾಡ್ತೀನಿ. ಮನೇಲೂ ಹೇಳಿಲ್ಲ. ಮಂಡೀಲಿ ಗೊತ್ತಾದ್ರೆ ನಾಳೆಯಿಂದ ಯಾರೂ ನನ್ ಕೈ ಹಿಡಿಯಲ್ಲ.”

ತಲೆಯೆತ್ತದೆ ಬರೆದೆ. ನನಗೆ ಬಹಳ ನಾಚಿಕೆಯಾಯಿತು. ಕೆಲವು ತಿಂಗಳ ಮೇಲೆ ಪಿಂಚಣಿ ಮರಳಿತು. ಅವರು ಇರುವ ತನಕ ಮಂಡಿಗೆ ಆ ವಿಷಯ ತಿಳಿಯಲಿಲ್ಲ.

ಈಗಲೂ ಅಕ್ಕಪಕ್ಕದವರು ಅರ್ಜಿ ಹಿಡಿದು ಬರುತ್ತಾರೆ. ಏನು ಆಗುತ್ತದೆ, ಏನು ಆಗದು ಎಂದು ಕೇಳುವ ಮುಂಚೆ ನಾನು ಎದ್ದುಹೋಗಿ ಬಾಗಿಲು ಹಾಕಿ ಬರುತ್ತೇನೆ.